ಗುಟ್ಟಿನ ಗೆಳೆತನ

ತರಗತಿಯಲ್ಲಿ ಎಂಬತ್ತು ಮಂದಿಯನ್ನು ಎದುರಿಸಬಲ್ಲ ಅಧ್ಯಾಪಕನು ಮನೆಯಲ್ಲಿ ಎಂಟು ವರ್ಷದ ಹುಡುಗನೆದುರು ಸೋಲುವುದುಂಟು. ಕಳೆದ ಮಳೆಗಾಲದಲ್ಲಿ ನಾನು ಹಾಗೆ ಸೋತೆ. ತಂದೆಯನ್ನು ಕಳೆದುಕೊಂಡ ನನ್ನ ತಂಗಿಯ ಮಗನು ಮುಂಬಯಿಯಿಂದ ತಾಯಿಯೊಡನೆ ಪರ್ಕಳದ ನಮ್ಮ ಮನೆಗೆ ಬಂದಿದ್ದನು. "ಹೌದು", "ಬೇಡ" - ಇಷ್ಟೇ ಅವನ ಮಾತು. ನಾನಾದರೋ ವೃತ್ತಿದೋಷದಿಂದ ಅವನಿಗೆ ಕನ್ನಡ ಕಾಗುಣಿತವನ್ನು ಕಲಿಸಹೊರಟೆ. ಹುಡುಗನು ಕಲಿತನು, ಆದರೆ ನನ್ನಿಂದ ಇನ್ನಷ್ಟು ದೂರ ಸರಿದನು.

ಒಂದು ಸಂಜೆ ಮಣಿಪಾಲದ ಗುಡ್ಡವನ್ನು ದಾಟಿ ಬಂದ ಮಳೆ ನಮ್ಮ ದೀಪಗಳನ್ನು ಆರಿಸಿತು. ಮೇಣದ ಬತ್ತಿಯ ಬೆಳಕಿನಲ್ಲಿ, ಉತ್ತರಪತ್ರಿಕೆಗಳ ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡೊಂದು ಕೈಗೆ ಸಿಕ್ಕಿತು. ಬಾಲ್ಯದಲ್ಲಿ ಕಲಿತ ಕಣ್ಕಟ್ಟೊಂದು ನೆನಪಾಯಿತು. ಅದನ್ನು ಮಾಡಿತೋರಲು ಹೋದೆ. ಬ್ಯಾಂಡು ಹಾರಿ ನನ್ನ ಕನ್ನಡಕಕ್ಕೇ ಬಡಿಯಿತು. ಹುಡುಗನು ನಕ್ಕನು. ಆ ಮನೆಯಲ್ಲಿ ಅದು ಅವನ ಮೊದಲ ನಗೆ.

"ಮಾಮ, ಇನ್ನೊಮ್ಮೆ!"

ವಿದ್ಯೆ ಬಹಳ ಸರಳ. ತೋರುಬೆರಳು, ನಡುಬೆರಳುಗಳ ಬುಡಕ್ಕೆ ಬ್ಯಾಂಡನ್ನು ಹಾಕಬೇಕು. ಅಂಗೈ ನಮ್ಮ ಕಡೆಗಿರಬೇಕು. ಬ್ಯಾಂಡನ್ನು ಈಚೆಗೆಳೆದು, ಮುಷ್ಟಿ ಕಟ್ಟುವಾಗ ನಾಲ್ಕೂ ಬೆರಳುಗಳ ತುದಿಯನ್ನು ಗುಟ್ಟಾಗಿ ಅದರೊಳಗೆ ತೂರಿಸಬೇಕು. ನೋಡುವವರಿಗೆ ಬ್ಯಾಂಡು ಎರಡೇ ಬೆರಳುಗಳ ಮೇಲಿರುವಂತೆ ಕಾಣುತ್ತದೆ. ಬೆರಳು ಬಿಡಿಸಿದೊಡನೆ ಅದು ತನ್ನ ಸೆಳೆತದಿಂದಲೇ ಉಂಗುರಬೆರಳು, ಕಿರುಬೆರಳುಗಳಿಗೆ ಜಿಗಿಯುತ್ತದೆ. ಹುಡುಗನು ಹತ್ತು ಸಲ ತಪ್ಪಿದನು. ಹನ್ನೊಂದನೆಯ ಸಲ ಗೆದ್ದನು. ಗೆದ್ದವನು ಮೆಲ್ಲನೆ ಹೇಳಿದನು: "ಪಪ್ಪನಿಗೆ ತೋರಿಸಬಹುದಿತ್ತು." ತಂದೆಯ ಮಾತು ಅವನ ಬಾಯಿಂದ ಬಂದುದು ಅಂದೇ ಮೊದಲು.

ಇಂದ್ರಜಾಲ ನಮಗೆ ಹೊಸತಲ್ಲ. ಏಳನೆಯ ಶತಮಾನದ ಹರ್ಷನ 'ರತ್ನಾವಳಿ'ಯಲ್ಲಿ ಐಂದ್ರಜಾಲಿಕನು ಅಂತಃಪುರಕ್ಕೆ ಸುಡದ ಬೆಂಕಿಯನ್ನು ಹಚ್ಚುತ್ತಾನೆ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಕೈಚಳಕದ ಗುಟ್ಟುಗಳನ್ನು ಗ್ರಂಥವೊಂದರಲ್ಲಿ ಬಯಲುಮಾಡಿ, ಅದು ಮಾಟವಲ್ಲವೆಂದು ಸಾರಿದನು. ನಮ್ಮ ಕರಾವಳಿಯ ಮಕ್ಕಳು ಮಂಗಳೂರಿನ ಕುದ್ರೋಳಿ ಗಣೇಶರ ಜಾದೂವನ್ನು ಕಣ್ಣರಳಿಸಿ ನೋಡಿದ್ದಾರೆ. ಅಲ್ಲೆಲ್ಲ ಮಾಡುವವನೊಂದು ಕಡೆ, ಬೆರಗಾಗುವವರು ಇನ್ನೊಂದು ಕಡೆ. ಗುಟ್ಟನ್ನು ಕಲಿಸಿಕೊಟ್ಟಾಗ ಮಾತ್ರ ಈ ಅಂತರ ಅಳಿಯುತ್ತದೆ. ಕಾಗುಣಿತದಲ್ಲಿ ನಾನು ಬಲ್ಲವ, ಅವನು ಅರಿಯದವ. ಇಲ್ಲಿ ನಾವಿಬ್ಬರೂ ಬಲ್ಲವರು. ಅರಿಯದುದು ಉಳಿದ ಲೋಕ.

ಮರುದಿನ ಅವನ ಆಟವನ್ನು ಕಂಡ ನಮ್ಮ ತಾಯಿ ಮೂಗಿನ ಮೇಲೆ ಬೆರಳಿಟ್ಟು, "ಅದು ಹೇಗೋ?" ಎಂದು ನನ್ನನ್ನು ಕೇಳಿದರು. ಹುಡುಗನು ನನ್ನ ಮುಖವನ್ನೇ ನೋಡುತ್ತಿದ್ದನು. "ಹೇಳುವಂತಿಲ್ಲಮ್ಮ" ಎಂದೆ. ಅಂದಿನಿಂದ ಊಟಕ್ಕೆ ಅವನ ಎಲೆ ನನ್ನ ಎಲೆಯ ಪಕ್ಕಕ್ಕೆ ಬಂದಿತು.

ಮೊನ್ನೆ ಅವನು ನಾಲ್ಕೂ ಬೆರಳ ತುದಿಗಳನ್ನು ಇನ್ನೊಂದು ಬ್ಯಾಂಡಿನಿಂದ ಹೆಣೆದು ಬಿಗಿದುಕೊಂಡು ಬಂದನು. ಒಳಗಿನ ಬ್ಯಾಂಡಿಗೆ ದಾಟಲು ದಾರಿಯೇ ಇಲ್ಲವೆಂದು ನಾನು ತಿಳಿದಿದ್ದೆ. ಅದು ಆಗಲೂ ಜಿಗಿಯಿತು! ನಾನು ಕಲಿಸಿದ ಪಾಠವಲ್ಲ ಅದು.

"ಹೇಗೆ ಮಾಡಿದೆಯೋ?" ಎಂದೆ.

"ಹೇಳುವಂತಿಲ್ಲ, ಮಾಮ" ಎಂದನು.

ನಾನು ಮತ್ತೆ ಕೇಳಲಿಲ್ಲ.