ನೋವು ಸುಳ್ಳಲ್ಲ, ಕಾರಣ ಕೇಳೋಣ



ನಮ್ಮ ಅಬಲೂರಿನ ಸುತ್ತಮುತ್ತ ಗೋವಿನಜೋಳ, ಹತ್ತಿ ಬೆಳೆಯುತ್ತೇವೆ. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ಹೆಚ್ಚಾಗಿ ನಾವೇ. "ನಡ ನೋಯ್ತೈತಿ", "ಬಿಳಿ ಹೋಗ್ತೈತಿ", "ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರ್ತೈತಿ." ಈ ಮಾತು ಯಾವ ಮನೆಯಲ್ಲಿಲ್ಲ?

ಮನೆಯವರು "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಅಂತಾರೆ. ಎಷ್ಟೋ ಸಲ ದವಾಖಾನೆಯಲ್ಲೂ ಇದೇ ಮಾತು. ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ. ಅಲ್ಲಿಗೆ ಮುಗಿಯಿತು. ನೋವಿಗೆ ಕಾರಣ ಏನೆಂದು ಹುಡುಕುವುದಿಲ್ಲ.

ಇದು ಇಂದು ನಿನ್ನೆಯದಲ್ಲ. ಹಿಂದೆ ಗ್ರೀಸ್ ದೇಶದ ವೈದ್ಯರು ಹೆಂಗಸರ ಅನೇಕ ಕಾಯಿಲೆಗಳಿಗೆ ಗರ್ಭಚೀಲವೇ ಮೂಲ ಎಂದು ನಂಬಿದ್ದರು. 'ಹಿಸ್ಟೀರಿಯಾ' ಎಂಬ ರೋಗದ ಹೆಸರು ಗರ್ಭಚೀಲ ಎಂಬ ಅರ್ಥದ ಗ್ರೀಕ್ ಪದದಿಂದ ಬಂತು. ಮುಂದೆ ಹೆಂಗಸರ ನೋವು ತಿಳಿಯದಿದ್ದಾಗ ಎಷ್ಟೋ ವೈದ್ಯರು ಈ ಹೆಸರು ಹೇಳಿ ಸುಮ್ಮನಾದರು. ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ರೋಗಗಳ ಪಟ್ಟಿಯಿಂದ ಈ ಹೆಸರನ್ನು ತೆಗೆದರು.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಗಡಚಿರೋಲಿ ಎಂಬ ಜಿಲ್ಲೆ ಇದೆ. ಅಲ್ಲಿ ಡಾಕ್ಟರ್ ರಾಣಿ ಬಂಗ್ ಮತ್ತು ಅವರ ಪತಿ ಡಾಕ್ಟರ್ ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದರು. ಅವರ ವರದಿ 1989ರಲ್ಲಿ ಪ್ರಕಟವಾಯಿತು. 100ಕ್ಕೆ 92 ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಆದರೆ ಅದಕ್ಕೂ ಮೊದಲು ಪರೀಕ್ಷೆ, ಚಿಕಿತ್ಸೆ ಸಿಕ್ಕಿದ್ದು 100ಕ್ಕೆ 8 ಮಂದಿಗೆ ಮಾತ್ರ. ನೋಡಿದಿರಾ? ರೋಗ ಇತ್ತು, ನೋಡುವವರು ಇರಲಿಲ್ಲ.

ಇನ್ನೊಂದು ಅನ್ಯಾಯವೂ ಉಂಟು. ಕಾರಣ ಹುಡುಕದೆ ಗರ್ಭಚೀಲವನ್ನೇ ತೆಗೆದುಬಿಡುವುದು. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಬಡ ಹೆಂಗಸರು ಬೆನ್ನು ನೋವು, ಬಿಳಿ ಹೋಗುವುದು ಎಂದು ಖಾಸಗಿ ಆಸ್ಪತ್ರೆಗೆ ಹೋದರು. "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಆಪರೇಶನ್ ಮಾಡಿದರು. 2015ರಲ್ಲಿ ಇದರ ತನಿಖೆ ನಡೆಯಿತು. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಇಂಥದೇ ದೂರು ಬಂತು. ನೊಂದ ಹೆಂಗಸರು ಪರಿಹಾರ ಕೇಳಿ 2022ರಲ್ಲಿ ಶಿಗ್ಗಾವಿಯತ್ತ ಕಾಲ್ನಡಿಗೆಯಲ್ಲಿ ಹೊರಟರು.

ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಬೇಡದ ಆಪರೇಶನ್ ತಡೆಯಲು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಅದನ್ನು ಎಲ್ಲಾ ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಕೋರ್ಟು 2023ರಲ್ಲಿ ಹೇಳಿತು.

ಹಾಗಾದರೆ ನಮ್ಮ ನೋವಿಗೆ ಕಾರಣ ಏನಿರಬಹುದು?

ರಕ್ತ ಕಡಿಮೆ ಇದ್ದರೆ ಸುಸ್ತು, ತಲೆ ತಿರುಗುವುದು ಆಗುತ್ತದೆ. 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಥೈರಾಯ್ಡ್ ತೊಂದರೆಯಿಂದಲೂ ಸುಸ್ತಾಗುತ್ತದೆ.

ಸ್ವಲ್ಪ ಬಿಳಿ ಹೋಗುವುದು ಸಹಜ. ವಾಸನೆ, ತುರಿಕೆ ಇದ್ದರೆ ಸೋಂಕು ಇರಬಹುದು. ಅದಕ್ಕೆ ಔಷಧಿ ಇದೆ.

ಮುಟ್ಟಿನಲ್ಲಿ ಏಳಲಾರದಷ್ಟು ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ ಎಂಬ ರೋಗ ಇರಬಹುದು. ಗರ್ಭಚೀಲದ ಒಳಪದರದಂಥ ಪದರ ಹೊರಗೂ ಬೆಳೆಯುವುದೇ ಈ ರೋಗ. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ 10 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇದು ಇದೆ. ಇದನ್ನು ಕಂಡುಹಿಡಿಯಲು ವರ್ಷಗಳೇ ಹಿಡಿಯುತ್ತವೆ. ಮುಟ್ಟಿನ ನೋವು ಸಹಜ ಎಂದು ತಳ್ಳಿಹಾಕುವುದೇ ಒಂದು ದೊಡ್ಡ ಕಾರಣ.

ನಾವೇನು ಮಾಡಬೇಕು?

ನೋವು ಯಾವಾಗ ಬಂತು, ಎಷ್ಟು ದಿನ ಇತ್ತು ಎಂದು ಒಂದು ಪಟ್ಟಿಯಲ್ಲಿ ಬರೆಯಿರಿ. ಈಗ ನಮಗೆ ಬರೆಯಲು ಬರುತ್ತದಲ್ಲ! ದವಾಖಾನೆಗೆ ಅದನ್ನು ಒಯ್ಯಿರಿ. ಆಶಾ ಕಾರ್ಯಕರ್ತೆಯನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ. "ಇದಕ್ಕೆ ಕಾರಣ ಏನ್ರೀ? ಯಾವ ಪರೀಕ್ಷೆ ಮಾಡ್ತೀರಿ?" ಎಂದು ಕೇಳಿ.

ಕೆಲವು ರೋಗಗಳಿಗೆ ಗರ್ಭಚೀಲ ತೆಗೆಯಲೇಬೇಕಾಗುತ್ತದೆ. ಆದರೆ ತೆಗೆಸಿ ಎಂದಾಗ "ಯಾಕೆ? ಬೇರೆ ಉಪಾಯ ಇಲ್ಲವೇ?" ಎಂದು ಕೇಳಿ. ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತಿಳಿಯದಿದ್ದರೆ ಓದಿಸಿ ಕೇಳಿ. ಚೀಟಿ, ರಿಪೋರ್ಟು ಜೋಪಾನವಾಗಿ ಇಡಿ.

ಪಕ್ಕದ ಮನೆಯ ಅಕ್ಕ "ನಡ ನೋಯ್ತೈತಿ" ಎಂದರೆ, "ಇದ್ದದ್ದೇ ಬಿಡು" ಎಂದು ನಾವೂ ಹೇಳುವುದು ಬೇಡ. "ತೋರಿಸಿಕೊಂಡು ಬರೋಣ, ನಡಿ" ಎನ್ನೋಣ.