ನಿಮಗಿದು ಗೊತ್ತೆ? ಒಂದೇ ನಡುಗೋಡೆಯ ಜೋಡಿಮನೆ

ತುಮಕೂರಿನ ಬಳಿಯ ಕ್ಯಾತ್ಸಂದ್ರದ ಮೂಲಕ ಹಾದುಹೋಗುವ ಬೆಂಗಳೂರು–ತುಮಕೂರು ರೈಲುಮಾರ್ಗವು ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, 1884ರಲ್ಲಿ, ಮೀಟರ್ ಗೇಜ್ ಮಾರ್ಗವಾಗಿ ಆರಂಭಗೊಂಡಿತು. ಆ ಕಾಲದ ಇಂಗ್ಲೆಂಡಿನಲ್ಲಿ ಹೇರಳವಾಗಿ ಕಟ್ಟಲಾಗುತ್ತಿದ್ದ ಜೋಡಿಮನೆ, ಅಂದರೆ ಒಂದೇ ಚಾವಣಿಯ ಕೆಳಗೆ ನಡುಗೋಡೆಯೊಂದನ್ನು ಹಂಚಿಕೊಂಡು ಬೇರೆ ಬೇರೆ ಬಾಗಿಲುಗಳಿಂದ ಎರಡು ಸಂಸಾರಗಳು ಬಾಳುವ ಮನೆ, ಭಾರತದ ರೈಲ್ವೆ ವಸತಿಗೃಹಗಳಲ್ಲಿಯೂ ಬಳಕೆಗೆ ಬಂದಿತು. ಒಂದು ಗೋಡೆ ಕಡಿಮೆಯಾದ್ದರಿಂದ ಇಟ್ಟಿಗೆ, ಗಾರೆ ಮತ್ತು ನಿವೇಶನ ಮೂರರಲ್ಲಿಯೂ ಉಳಿತಾಯವಾಗುತ್ತಿತ್ತು.

ಅರಮನೆಗಳು ಆಳಿದವರ ಕಥೆಯನ್ನು ಹೇಳಿದರೆ, ನೌಕರನ ಹುದ್ದೆಗೆ ತಕ್ಕಂತೆ ಕೋಣೆಗಳನ್ನು ಅಳೆದುಕೊಟ್ಟ ಇಂತಹ ಮನೆಗಳು ದುಡಿದವರ ಬದುಕಿನ ದಾಖಲೆಗಳಾಗಿವೆ. ಆದರೂ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವವರ ಕಣ್ಣಿಗೆ ಇವು ಬೀಳುವುದು ಅಪರೂಪ. ನೂರು ವರ್ಷ ಹಳೆಯದಾಗಿರುವುದು 1958ರ ಕೇಂದ್ರ ಪುರಾತತ್ವ ಕಾಯ್ದೆಯ ಪ್ರಕಾರ ಸ್ಮಾರಕವೊಂದರ ಕನಿಷ್ಠ ಅರ್ಹತೆಯಷ್ಟೇ ಹೊರತು, ವಯಸ್ಸೊಂದರಿಂದಲೇ ಯಾವ ಕಟ್ಟಡಕ್ಕೂ ರಕ್ಷಣೆ ದೊರೆಯುವುದಿಲ್ಲ.

ಅಂದಿನ ಗೋಡೆಗಳಲ್ಲಿ ಬಳಸಿದ ಗಾರೆ, ಅಂದರೆ ಸುಣ್ಣ ಮತ್ತು ಮರಳನ್ನು ನೀರಿನೊಡನೆ ಅರೆದು ಹದಗೊಳಿಸಿದ ಮಿಶ್ರಣ, ಗೋಡೆ ಹೀರಿಕೊಂಡ ತೇವವನ್ನು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದಾಗ ತೇವವು ಒಳಗೇ ಸಿಲುಕಿ, ಉಪ್ಪು ಹರಳುಗಟ್ಟಿ, ಇಟ್ಟಿಗೆಯು ಪುಡಿಪುಡಿಯಾಗಿ ಉದುರತೊಡಗುತ್ತದೆ. ಹೀಗಾಗಿ ಹಳೆಯ ಜೋಡಿಮನೆಯ ಅರ್ಧಭಾಗಕ್ಕೆ ಮಾಡಿದ ತಪ್ಪು ದುರಸ್ತಿಯು ನಡುಗೋಡೆಯ ಮೂಲಕ ಪಕ್ಕದ ಮನೆಯನ್ನೂ ಕೆಡಿಸಬಲ್ಲದು.