ಕಾಲೇಜಿನ ಮೊದಲ ಮೂರು ತಿಂಗಳು

ಧಾರವಾಡಕ್ಕೆ ಹೊಂದಿಕೊಂಡಿರುವ ಕೆಲಗೇರಿಯ ಮಕ್ಕಳಿಗೆ ಇಂದು ಕಾಲೇಜು ದೂರದ ಮಾತಲ್ಲ. ಹಿಂದೆ ಹಾಗಿರಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಮೆಟ್ರಿಕ್ ಪೂರೈಸಿದ ದ. ರಾ. ಬೇಂದ್ರೆಯವರು ಮುಂದಿನ ವಿದ್ಯಾಭ್ಯಾಸಕ್ಕಾಗಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ತೆರಳಬೇಕಾಯಿತು. 1917ರಲ್ಲಿ ಧಾರವಾಡದಲ್ಲಿಯೇ ಕರ್ನಾಟಕ ಕಾಲೇಜು ಸ್ಥಾಪನೆಯಾಯಿತು. ಆದರೂ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಇಯತ್ತೆ ಮುಗಿಸಿ ಪಿ.ಯು.ಸಿ. ವಿಜ್ಞಾನ ವಿಭಾಗವನ್ನು ಸೇರುವವರಿಗೆ ಇನ್ನೊಂದು ದೂರ ಉಳಿದೇ ಇದೆ. ಅದು ಭಾಷೆಯ ದೂರ.

ಶಾಲೆಯಲ್ಲಿ ವಿಜ್ಞಾನವೆಂಬುದು ಒಂದೇ ವಿಷಯ. ಕಾಲೇಜಿನಲ್ಲಿ ಅದೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಾಗಿ ಕವಲೊಡೆಯುತ್ತದೆ. ಗಣಿತದ ಭಾರವೂ ಹೆಚ್ಚುತ್ತದೆ. ಜೊತೆಗೆ ಪಾಠವೆಲ್ಲ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ನಿನ್ನೆಯವರೆಗೆ ಪರಿಚಿತವಾಗಿದ್ದ ‘ವೇಗೋತ್ಕರ್ಷ’ವು ‘ಅಕ್ಸಲರೇಶನ್’ ಆಗಿ, ‘ದ್ಯುತಿಸಂಶ್ಲೇಷಣೆ’ಯು ‘ಫೋಟೋಸಿಂಥೆಸಿಸ್’ ಆಗಿ ಎದುರು ನಿಂತಾಗ, ತಿಳಿದ ಸಂಗತಿಯೂ ಅಪರಿಚಿತವೆನಿಸುತ್ತದೆ. ಹತ್ತನೆಯ ಇಯತ್ತೆಯಲ್ಲಿ 625ಕ್ಕೆ ಉತ್ತಮ ಅಂಕಗಳನ್ನು ಗಳಿಸಿದ ವಿದ್ಯಾರ್ಥಿಯು ಮೊದಲ ಕಿರುಪರೀಕ್ಷೆಯಲ್ಲಿ ಹಿಂದೆ ಬಿದ್ದು, ‘ನಾನು ದಡ್ಡ’ನೆಂದು ತೀರ್ಮಾನಿಸುವುದು ಈ ಹಂತದಲ್ಲಿಯೇ. ಕುಗ್ಗಿರುವುದು ಬುದ್ಧಿಯಲ್ಲ, ಪದಗಳ ಪರಿಚಯ ಸಾಲದಾಗಿದೆ, ಅಷ್ಟೆ.

ಇದಕ್ಕೆ ಉಪಾಯವುಂಟು. ಒಂದು ವಹಿಯ ಪುಟವನ್ನು ಎರಡಾಗಿ ಮಡಿಚಿ, ಎಡಕ್ಕೆ ಆ ದಿನ ಕೇಳಿದ ಇಂಗ್ಲಿಷ್ ಪದವನ್ನೂ ಬಲಕ್ಕೆ ಅದರ ಕನ್ನಡವನ್ನೂ ಬರೆದಿಡಬೇಕು. ಹತ್ತನೆಯ ಇಯತ್ತೆಯ ಪುಸ್ತಕವನ್ನು ರದ್ದಿಗೆ ಹಾಕದೆ, ಹೊಸ ಪಾಠಕ್ಕೆ ಮುನ್ನ ಅದೇ ವಿಷಯವನ್ನು ಅದರಲ್ಲಿ ಓದಿಕೊಳ್ಳಬೇಕು. ಉತ್ತರವನ್ನು ಬಾಯಿಪಾಠ ಮಾಡುವುದಕ್ಕಿಂತ, ಮೊದಲು ಕನ್ನಡದಲ್ಲಿ ತನಗೆ ತಾನೇ ವಿವರಿಸಿಕೊಂಡು, ಬಳಿಕ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು ಮೇಲು. ತಿಳಿಯದುದನ್ನು ಅಂದೇ ಅಧ್ಯಾಪಕರಲ್ಲಿ ಕೇಳಲು ಸಂಕೋಚ ಸಲ್ಲದು.

ಪಾಲಕರ ಹೊಣೆಯೂ ಕಡಿಮೆಯದಲ್ಲ. ಮೊದಲ ಮೂರು ತಿಂಗಳ ಅಂಕಗಳನ್ನು ನೆರೆಮನೆಯ ಮಗುವಿನ ಅಂಕಗಳೊಡನೆ ತೂಗಬಾರದು. ಪ್ರಥಮ ವರ್ಷದ ಪರೀಕ್ಷೆಯನ್ನು ಕಾಲೇಜೇ ನಡೆಸುತ್ತದೆ. 600 ಅಂಕಗಳ ಮಂಡಲಿ ಪರೀಕ್ಷೆ ಬರುವುದು ದ್ವಿತೀಯ ವರ್ಷದಲ್ಲಿ. ಚೇತರಿಸಿಕೊಳ್ಳಲು ಕಾಲಾವಕಾಶ ಇದ್ದೇ ಇದೆ. ವೈದ್ಯಕೀಯ ಪ್ರವೇಶಕ್ಕೆ ನಡೆಯುವ ‘ನೀಟ್’ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ 2017ರಿಂದ ಕನ್ನಡದಲ್ಲಿ ದೊರೆಯುತ್ತಿದೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಮಗುವಿನ ಒಲವು ಕಲೆ ಅಥವಾ ವಾಣಿಜ್ಯದ ಕಡೆಗಿದ್ದರೆ ಅದನ್ನು ಮೊದಲೇ ಮನ್ನಿಸುವುದು ಲೇಸು. ಆದರೆ ವಿಜ್ಞಾನವನ್ನು ಪ್ರೀತಿಸುವ ಮಗು ಕೇವಲ ಪದಗಳಿಗೆ ಅಂಜಿ ಅದನ್ನು ತೊರೆಯುವಂತಾಗಬಾರದು. ಸಂಜೆ ಮನೆಗೆ ಬಂದವರನ್ನು ‘ಎಷ್ಟು ಅಂಕ ಬಂತು?’ ಎನ್ನುವ ಬದಲು ‘ಇಂದು ಯಾವ ಹೊಸ ಪದ ಕಲಿತೆ?’ ಎಂದು ಕೇಳಿ ನೋಡಿರಿ.